ರೇಡಿಯೊದ ‘ಸುಯ್’ ಸದ್ದು, ಅದನ್ನು ಲೆಕ್ಕ ಹಾಕಿದ ಮೂರು ದಾರಿ

ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಅಲ್ಲಿಂದ ನಮ್ಮ ಔರಾದ್ ತಾಲೂಕಿನ ಹಳ್ಳಿಗಳು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮಧ್ಯಮ ತರಂಗದ ರೇಡಿಯೊ ಕೇಳಿ ಬೆಳೆದವರು ಮನೆಯಲ್ಲಿದ್ದರೆ ಕೇಳಿ ನೋಡಿ. ರೈತರ ಕಾರ್ಯಕ್ರಮ ಇರಲಿ, ವಚನ ಗಾಯನ ಇರಲಿ, ಅದರ ಹಿಂದೆ ಒಂದು ‘ಸುಯ್’ ಸದ್ದು ಇದ್ದೇ ಇರುತ್ತಿತ್ತು. ಕತ್ತಲಾದರೆ ದೂರದ ಸ್ಟೇಷನ್ನುಗಳು ನುಗ್ಗಿ ಕನ್ನಡದ ಮೇಲೆ ತೆಲುಗು, ಮರಾಠಿ, ಉರ್ದು ಎಲ್ಲ ಕಲಸಿ ಬರುತ್ತಿದ್ದವು. ಮೂರು ರಾಜ್ಯಗಳ ಗಡಿಯಲ್ಲಿ ಇರುವವರಿಗೆ ಇದೇನು ಹೊಸದಲ್ಲ.

ಈ ಬರಹ ಆ ‘ಸುಯ್’ ಸದ್ದಿನ ಬಗ್ಗೆ. ಸರ್ಕ್ಯೂಟ್ ಕಟ್ಟುವ ಮೊದಲೇ ಅದರೊಳಗೆ ಈ ಸದ್ದು ಎಷ್ಟು ಹುಟ್ಟುತ್ತದೆ ಎಂದು ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಮನುಷ್ಯ ಹೇಗೆ ಕಲಿತ ಎಂಬುದರ ಇತಿಹಾಸ ಇದು. ನಮಗೇಕೆ ಬೇಕು ಅನ್ನಬೇಡಿ. ನೀವು ಇದನ್ನು ಓದುತ್ತಿರುವ ಫೋನು ಟವರಿನ ಕ್ಷೀಣ ಸಂಕೇತವನ್ನು ಹಿಡಿಯುವುದು, ತಾಲೂಕು ಆಸ್ಪತ್ರೆಯ ಇಸಿಜಿ ಯಂತ್ರ ಎದೆಯ ಬಡಿತದ ಗೆರೆ ಎಳೆಯುವುದು ಎರಡೂ ಈ ಲೆಕ್ಕದ ಮೇಲೆ ನಿಂತಿವೆ. ಬೀದರ್‌ನಲ್ಲೂ ಭಾಲ್ಕಿಯಲ್ಲೂ ಎಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ನಾಳೆ ಇದೇ ಕೆಲಸಕ್ಕೆ ಹೋಗುವವರು.

ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ಗದ್ದಲ ಎರಡು ಬಗೆ. ಒಂದು ಹೊರಗಿನಿಂದ ಬರುವುದು: ಮಿಂಚು, ಪಂಪ್‌ಸೆಟ್ಟಿನ ಸ್ಟಾರ್ಟರ್, ಟ್ಯೂಬ್‌ಲೈಟಿನ ಚೋಕ್, ಪಕ್ಕದ ಸ್ಟೇಷನ್ನು. ಇನ್ನೊಂದು ಯಂತ್ರದ ಒಳಗೇ ಹುಟ್ಟುವುದು. ಪರೀಕ್ಷೆ ಸುಲಭ. ರೇಡಿಯೊವನ್ನು ಬೇರೆ ದಿಕ್ಕಿಗೆ ತಿರುಗಿಸಿ, ಇಲ್ಲವೇ ಊರ ಹೊರಗಿನ ಹೊಲಕ್ಕೆ ಒಯ್ಯಿರಿ. ಗದ್ದಲ ಬದಲಾದರೆ ಅದು ಹೊರಗಿನದು. ಇನ್ನು ಭಜನಾ ಮಂಡಳಿಯ ಆಂಪ್ಲಿಫೈಯರಿಗೆ ಮೈಕು, ವೈರು ಏನೂ ಚುಚ್ಚದೆ ವಾಲ್ಯೂಮ್ ಪೂರ್ತಿ ಏರಿಸಿ. ಒಂದೇ ಸಮನೆ ಬರುವ ಆ ‘ಸುಯ್’ ಒಳಗಿನದು. (‘ಗುಂಯ್’ ಎಂದರೆ ಅದು ಕರೆಂಟಿನ 50 ಹರ್ಟ್ಸ್, ಮತ್ತೆ ಹೊರಗಿನದೇ.) ಹೊರಗಿನದನ್ನು ತಗಡಿನ ಡಬ್ಬಿ ಮುಚ್ಚಿ, ಅರ್ಥಿಂಗ್ ಕೊಟ್ಟು, ಜಾಗ ಬದಲಿಸಿ ತಡೆಯಬಹುದು. ಒಳಗಿನದಕ್ಕೆ ಆ ಮದ್ದು ನಡೆಯುವುದಿಲ್ಲ. ಎಂಜಿನಿಯರರು ‘ನಾಯ್ಸ್’ ಎಂದು ಲೆಕ್ಕ ಹಾಕುವುದು ಮುಖ್ಯವಾಗಿ ಇದನ್ನೇ.

ಹೊರಗಿನ ಅಡ್ಡಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಸ್ರೋದ ‘ಆಪಲ್’ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇಟ್ಟ ಫೋಟೋ ನೀವು ವಾಟ್ಸಾಪಿನಲ್ಲಿ ನೋಡಿರುತ್ತೀರಿ. ಬಡತನದ ಗುರುತು ಎಂದು ಅದನ್ನು ಹಂಚುವವರೇ ಹೆಚ್ಚು. ನಿಜ ಬೇರೆ. ಬೆಂಗಳೂರಿನಲ್ಲಿ ಅದರ ಅಂಟೆನಾ ಪರೀಕ್ಷೆ ಮಾಡುವಾಗ ಲೋಹದ ವಾಹನ ರೇಡಿಯೊ ಅಲೆಗಳಿಗೆ ಅಡ್ಡಿ ಮಾಡುತ್ತದೆ ಎಂದು ಬೇಕೆಂದೇ ಮರದ ಗಾಡಿ ತಂದರು. 1981ರಲ್ಲಿ ಆ ಉಪಗ್ರಹ ಹಾರಿತು. ಆ ಗಾಡಿ ಅಲ್ಲಿ ವಿಜ್ಞಾನದ ಉಪಕರಣವಾಗಿತ್ತು.

ಒಳಗಿನ ಗದ್ದಲಕ್ಕೆ ಬರೋಣ. 1918ರಲ್ಲಿ ಜರ್ಮನಿಯ ವಾಲ್ಟರ್ ಶಾಟ್ಕಿ ಎಂಬ ವಿಜ್ಞಾನಿ, ಹಳೆಯ ರೇಡಿಯೊಗಳಲ್ಲಿದ್ದ ವಾಲ್ವುಗಳ ಬಗ್ಗೆ ಬರೆಯುತ್ತ ಒಂದು ಮಾತು ಹೇಳಿದ. ಕರೆಂಟು ನೀರಿನಂತೆ ಹರಿಯುವುದಿಲ್ಲ, ಅದು ಕಾಳು ಕಾಳಾಗಿ ಬರುತ್ತದೆ. ಒಂದೊಂದು ಎಲೆಕ್ಟ್ರಾನೂ ಒಂದೊಂದು ಕಾಳು. ತಗಡಿನ ಮೇಲೆ ತೊಗರಿ ಸುರಿಯಿರಿ. ಎಷ್ಟೇ ಸಮವಾಗಿ ಸುರಿದರೂ ಸದ್ದು ಸಮವಾಗಿರುವುದಿಲ್ಲ, ಕಾಳುಗಳು ಒಮ್ಮೆ ಒತ್ತಾಗಿ, ಒಮ್ಮೆ ವಿರಳವಾಗಿ ಬೀಳುತ್ತವೆ. ಕರೆಂಟಿನಲ್ಲೂ ಹಾಗೇ. ಇದಕ್ಕೆ ‘ಶಾಟ್ ನಾಯ್ಸ್’ ಎಂದು ಹೆಸರು ಬಿತ್ತು. ಶಾಟ್ಕಿ ಹೆಸರಿನಿಂದ ಬಂದದ್ದಲ್ಲ, ಬಂದೂಕಿನ ಛರ್ರೆ ಎಂಬ ಅರ್ಥದಲ್ಲಿ.

ಹತ್ತು ವರ್ಷದ ನಂತರ, 1928ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಜಾನ್ ಜಾನ್ಸನ್ ಎಂಬಾತ ಬರೀ ಒಂದು ರೆಸಿಸ್ಟರನ್ನು ಅಳೆದ. ಅದಕ್ಕೆ ಬ್ಯಾಟರಿ ಇಲ್ಲ, ಕರೆಂಟು ಹರಿಯುತ್ತಿಲ್ಲ. ಆದರೂ ಅದರ ಎರಡು ತುದಿಗಳ ನಡುವೆ ಅತಿ ಸಣ್ಣ ವೋಲ್ಟೇಜು ನಡುಗುತ್ತಿತ್ತು. ಅದರೊಳಗಿನ ಎಲೆಕ್ಟ್ರಾನುಗಳು ಬಿಸಿಯಿಂದಲೇ ಅತ್ತಿತ್ತ ಓಡಾಡುತ್ತಿದ್ದವು. ಸಹೋದ್ಯೋಗಿ ಹ್ಯಾರಿ ನೈಕ್ವಿಸ್ಟ್ ಅದಕ್ಕೆ ಸೂತ್ರ ಕೊಟ್ಟ. ಅಚ್ಚರಿ ಏನೆಂದರೆ, ರೆಸಿಸ್ಟರನ್ನು ಇಂಗಾಲದಿಂದ ಮಾಡಿರಲಿ, ಲೋಹದಿಂದ ಮಾಡಿರಲಿ, ಸೂತ್ರಕ್ಕೆ ಲೆಕ್ಕವಿಲ್ಲ. ಎಷ್ಟು ಓಮ್, ಎಷ್ಟು ತಾಪಮಾನ, ಎಷ್ಟು ಅಗಲದ ಆವರ್ತನ ಪಟ್ಟಿ, ಈ ಮೂರು ಸಾಕು. ಸಾಮಾನ್ಯ ಕೋಣೆಯಲ್ಲಿ 1,000 ಓಮ್ ರೆಸಿಸ್ಟರು 10 ಕಿಲೋಹರ್ಟ್ಸ್ ಅಗಲದಲ್ಲಿ ಸುಮಾರು 0.4 ಮೈಕ್ರೋವೋಲ್ಟ್ ಗದ್ದಲ ಕೊಡುತ್ತದೆ. ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದ ಒಂದು ಭಾಗ. ಸಣ್ಣದು ನಿಜ. ಆದರೆ ದೂರದ ಸ್ಟೇಷನ್ನಿನಿಂದ ಬರುವ ಸಂಕೇತವೂ ಅಷ್ಟೇ ಸಣ್ಣದಾಗಿರಬಹುದು.

ಮೂರನೆಯದೂ ಒಂದಿದೆ. ಆವರ್ತನ ಕಡಿಮೆಯಾದಷ್ಟೂ ಜೋರಾಗುವ ‘ಫ್ಲಿಕರ್ ನಾಯ್ಸ್’. ಇದನ್ನೂ ವಾಲ್ವುಗಳಲ್ಲಿ ಕಂಡವನು ಜಾನ್ಸನ್ನೇ, 1925ರಲ್ಲಿ. ಇದರ ಕಾರಣ ಒಂದೊಂದು ಸಾಧನದಲ್ಲಿ ಒಂದೊಂದು ಥರ. ಎದೆ ಬಡಿತದಂಥ ನಿಧಾನದ ಸಂಕೇತಕ್ಕೆ ದೊಡ್ಡ ಶತ್ರು ಇದೇ.

ಈ ಮೂರನ್ನು ಕೂಡುವುದು ಹೇಗೆ? ಇಲ್ಲೊಂದು ವಿಚಿತ್ರ ಕೂಡಿಕೆ ಇದೆ. 3 ಮೈಕ್ರೋವೋಲ್ಟಿನ ಗದ್ದಲಕ್ಕೆ 4 ಮೈಕ್ರೋವೋಲ್ಟಿನ ಬೇರೊಂದು ಗದ್ದಲ ಸೇರಿದರೆ 7 ಆಗುವುದಿಲ್ಲ, 5 ಆಗುತ್ತದೆ. ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆಯಬೇಕು, ಎಂಟನೇ ತರಗತಿಯ ಲಂಬಕೋನ ತ್ರಿಭುಜದ ಹಾಗೆ. ಒಂದು ಏರುವಾಗ ಇನ್ನೊಂದು ಇಳಿಯುತ್ತಿರಬಹುದು, ಅದಕ್ಕೆ. 10ಕ್ಕೆ 1 ಸೇರಿದರೆ 10.05 ಮಾತ್ರ. ಅಂದರೆ ಸರ್ಕ್ಯೂಟಿನಲ್ಲಿ ನೂರು ಭಾಗಗಳಿದ್ದರೂ ಗದ್ದಲ ಮಾಡುವ ದೊಡ್ಡ ಕಳ್ಳರು ಒಂದಿಬ್ಬರೇ. ಅವರನ್ನು ಹಿಡಿದರೆ ಅರ್ಧ ಕೆಲಸ ಆಯಿತು.

ಆ ಕಳ್ಳ ಹೆಚ್ಚಾಗಿ ಎಲ್ಲಿರುತ್ತಾನೆ ಎಂದು 1944ರಲ್ಲಿ ಹೆರಾಲ್ಡ್ ಫ್ರೀಸ್ ಎಂಬ ಬೆಲ್ ಎಂಜಿನಿಯರ್ ತೋರಿಸಿದ. ಸಾಲಾಗಿ ಜೋಡಿಸಿದ ಆಂಪ್ಲಿಫೈಯರುಗಳಲ್ಲಿ ಮೊದಲನೆಯದರ ಗದ್ದಲವೇ ಹೆಚ್ಚು ಕಡಿಮೆ ಎಲ್ಲವನ್ನೂ ನಿರ್ಧರಿಸುತ್ತದೆ, ಏಕೆಂದರೆ ಅದು ಮುಂದಿನ ಎಲ್ಲ ಹಂತಗಳಲ್ಲಿ ದೊಡ್ಡದಾಗುತ್ತ ಹೋಗುತ್ತದೆ. ಹಳೆಯ ರೇಡಿಯೊ, ಟೇಪ್ ರಿಪೇರಿ ಅಂಗಡಿಯವರಿಗೆ ಸೂತ್ರ ಗೊತ್ತಿಲ್ಲದೆ ಈ ಸತ್ಯ ಗೊತ್ತಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಬಿಇಎಲ್ ಮಾಡುತ್ತಿದ್ದ ಟ್ರಾನ್ಸಿಸ್ಟರುಗಳಲ್ಲಿ ಬಿಸಿ 147, 148, 149 ಎಂಬ ಅಣ್ಣತಮ್ಮಂದಿರಿದ್ದರು. ಮೂರೂ ನೋಡಲು ಒಂದೇ. 149 ಕಡಿಮೆ ಗದ್ದಲದ್ದು, ಮೊದಲ ಹಂತಕ್ಕೆ ಹಾಕಲೆಂದೇ ಆರಿಸಿದ್ದು.

ಇದೇ ನಿಯಮವನ್ನು ನಮ್ಮ ಕಲ್ಯಾಣ ಕರ್ನಾಟಕದ ಹಳ್ಳಿಗಳು ಬಹಳ ದೊಡ್ಡ ಪ್ರಮಾಣದಲ್ಲಿ ಕಂಡಿವೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ನಾಸಾದ ಎಟಿಎಸ್-6 ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಿಂದ 860 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತಿತ್ತು. ಅದರ ಟ್ರಾನ್ಸ್‌ಮಿಟರಿನ ಬಲ ಸುಮಾರು 80 ವ್ಯಾಟ್, ಅಂದರೆ ಒಂದು ಸೀಲಿಂಗ್ ಫ್ಯಾನಿನಷ್ಟು! ಹಳ್ಳಿಯಲ್ಲಿ ಅದನ್ನು ಹಿಡಿಯುತ್ತಿದ್ದದ್ದು ಕೋಳಿ ಗೂಡಿನ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್. ಹೈದರಾಬಾದಿನ ಇಸಿಐಎಲ್ ಆ ಸೆಟ್ಟುಗಳನ್ನು ತಯಾರಿಸಿತು. ಇಷ್ಟು ಸಣ್ಣ ಸಂಕೇತದಲ್ಲಿ ಚಿತ್ರ ಮೂಡುವುದೋ, ಬರೀ ‘ಇರುವೆ ಸಾಲು’ ಕಾಣುವುದೋ ಎಂಬುದನ್ನು ನಿರ್ಧರಿಸುತ್ತಿದ್ದದ್ದು ಡಿಶ್ಶಿನ ಗಾತ್ರ ಮತ್ತು ಸೆಟ್ಟಿನ ಮುಂಭಾಗದ ಮೊದಲ ಹಂತದ ಗದ್ದಲ. ಇಂದು ನಿಮ್ಮ ಮಾಳಿಗೆಯ ಡಿಶ್ಶಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಡಬ್ಬಿಯ ‘ಎಲ್‌ಎನ್’ ಎಂದರೆ ‘ಲೋ ನಾಯ್ಸ್’. ಅದನ್ನು ಟಿವಿಯ ಹತ್ತಿರ ಇಡದೆ ಡಿಶ್ಶಿನ ಬಾಯಿಗೇ ಕಟ್ಟಿರುವುದೂ ಫ್ರೀಸ್‌ನ ಲೆಕ್ಕದ ಫಲ.

ಕೆಲವೇ ಹಂತಗಳಿದ್ದರೆ ಈ ಲೆಕ್ಕ ಪೆನ್ನು ಕಾಗದದಲ್ಲಿ ಆಗುತ್ತದೆ. 1968ರಲ್ಲಿ ಬಂದ 741 ಎಂಬ ಪ್ರಸಿದ್ಧ ಚಿಪ್ಪಿನೊಳಗೆ ಮಾತ್ರ ಸುಮಾರು 20 ಟ್ರಾನ್ಸಿಸ್ಟರುಗಳು. ಪ್ರತಿ ಟ್ರಾನ್ಸಿಸ್ಟರಿಗೂ ಶಾಟ್, ಬಿಸಿ, ಫ್ಲಿಕರ್ ಎಂದು ನಾಲ್ಕಾರು ಗದ್ದಲದ ಮೂಲಗಳು. ಒಂದೊಂದು ಮೂಲದಿಂದ ಹೊರಟದ್ದು ಕೊನೆಗೆ ಎಷ್ಟಾಗಿ ತಲುಪುತ್ತದೆ ಎಂದು ನೂರು ಬಾರಿ ಸರ್ಕ್ಯೂಟ್ ಬಿಡಿಸಬೇಕು, ಅದೂ ಪ್ರತಿಯೊಂದು ಆವರ್ತನಕ್ಕೂ. ಅಂದಿನ ಕಂಪ್ಯೂಟರಿಗೂ ಇದು ಭಾರವೇ.

ಇಲ್ಲಿ ಬಂತು ಮೊದಲ ದಾರಿ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಾನ್ ರೋರರ್ ಎಂಬ ಮೇಷ್ಟ್ರು, ಲ್ಯಾರಿ ನೇಗಲ್ ಎಂಬ ವಿದ್ಯಾರ್ಥಿ ಮತ್ತು ಜೊತೆಗಾರರು 1971ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಅದನ್ನು ನಮ್ಮ ರಸ್ತೆಗಳ ಭಾಷೆಯಲ್ಲಿ ಹೇಳುತ್ತೇನೆ. ಭಾಲ್ಕಿ ತಾಲೂಕಿನ ಪ್ರತಿ ಹಳ್ಳಿಯಿಂದ ಬೀದರ್ ಬಸ್ ಸ್ಟ್ಯಾಂಡಿಗೆ ಎಷ್ಟು ಹೊತ್ತು ಬೇಕು ಎಂದು ತಿಳಿಯಬೇಕಾಗಿದೆ. ಒಂದೊಂದು ಹಳ್ಳಿಯಿಂದಲೂ ಒಬ್ಬೊಬ್ಬ ಹೊರಡಬೇಕಾಗಿಲ್ಲ. ಬಸ್ ಸ್ಟ್ಯಾಂಡಿನಿಂದಲೇ ಹಿಮ್ಮುಖವಾಗಿ ಹೊರಟು, ಎಲ್ಲ ಒನ್ ವೇಗಳನ್ನೂ ತಿರುಗಿಸಿಕೊಂಡು ಒಮ್ಮೆ ಸುತ್ತಿದರೆ ಎಲ್ಲ ಹಳ್ಳಿಗಳ ಉತ್ತರವೂ ಒಟ್ಟಿಗೇ ಸಿಗುತ್ತದೆ. ಸರ್ಕ್ಯೂಟನ್ನೂ ಹಾಗೆ ತಿರುಗಿಸಿ ಔಟ್‌ಪುಟ್ಟಿನಿಂದ ಹಿಂದಕ್ಕೆ ಒಮ್ಮೆ ಬಿಡಿಸಿದರೆ ನೂರು ಮೂಲಗಳ ಲೆಕ್ಕವೂ ಒಂದೇ ಏಟಿಗೆ ಆಗುತ್ತದೆ. ಗಣಿತದಲ್ಲಿ ಇದು ಬರೀ ಸಾಲು ಕಂಬಗಳನ್ನು ಅದಲು ಬದಲು ಮಾಡಿದಷ್ಟೇ.

ಅದೇ ಗುಂಪಿನ ಪ್ರೋಗ್ರಾಮಿನ ಹೆಸರು ‘ಕ್ಯಾನ್ಸರ್’. ಹೌದು, ಅದೇ ಹೆಸರು. ಪೂರ್ಣ ರೂಪದ ಕೊನೆಯಲ್ಲಿ ‘ವಿಕಿರಣದ ಲೆಕ್ಕ ಬಿಟ್ಟು’ ಎಂದಿತ್ತು. ಆ ಕಾಲದ ಇಂಥ ಪ್ರೋಗ್ರಾಮುಗಳಿಗೆ ಅಮೆರಿಕದ ಸೈನ್ಯದ ಹಣ ಬರುತ್ತಿತ್ತು, ಅಣುಬಾಂಬಿನ ವಿಕಿರಣಕ್ಕೆ ಸರ್ಕ್ಯೂಟ್ ತಡೆಯುತ್ತದೆಯೇ ಎಂದು ನೋಡುವುದು ಅವುಗಳ ಕೆಲಸಗಳಲ್ಲೊಂದಾಗಿತ್ತು. ವಿಯೆಟ್ನಾಂ ಯುದ್ಧದ ಕಾಲ, ಬರ್ಕ್ಲಿಯ ಹುಡುಗರು ಅದು ಬೇಡ ಎಂದು ಹೆಸರಿನಲ್ಲೇ ಸಾರಿದರು. ಆಮೇಲೆ ಡಾನ್ ಪೆಡರ್‌ಸನ್ ಎಂಬ ಪ್ರೊಫೆಸರ್ ಕೈಯಲ್ಲಿ ಅದು ‘ಸ್ಪೈಸ್’ ಆಯಿತು. 1973ರಲ್ಲಿ ಮೊದಲ ಬಾರಿ ಸಭೆಯಲ್ಲಿ ಮಂಡಿಸಿದರು, 1975ರಲ್ಲಿ ಎರಡನೇ ಆವೃತ್ತಿ ಬಂತು. ನಮ್ಮ ಪಕ್ಕದ ಜಿಲ್ಲೆಗಳಲ್ಲಿ ಜಾಲರಿ ಡಿಶ್ ನಿಂತ ಅದೇ ವರ್ಷ. ಪೆಡರ್‌ಸನ್ ಅದನ್ನು ಬೀಗ ಹಾಕಿ ಇಡಲಿಲ್ಲ, ಕೇಳಿದವರಿಗೆಲ್ಲ ಕೊಟ್ಟರು. ಇಂದಿನ ಸರ್ಕ್ಯೂಟ್ ಸಾಫ್ಟ್‌ವೇರುಗಳಲ್ಲಿ ಬಹುಪಾಲು ಆ ಮರದ ಕೊಂಬೆಗಳೇ.

ಈ ದಾರಿಯ ದೊಡ್ಡ ಗುಣ ವೇಗ ಅಲ್ಲ. ಯಾವ ಭಾಗ ಎಷ್ಟು ಗದ್ದಲ ಕೊಟ್ಟಿತು ಎಂದು ಹೆಸರು ಹಿಡಿದು ಪಟ್ಟಿ ಕೊಡುತ್ತದೆ. ಮುಂದೆ ಬಂದ ಯಾವ ವಿಧಾನದ ಬಗ್ಗೆ ಯಾರು ಎಷ್ಟೇ ಹೊಗಳಲಿ, ಈ ಪಟ್ಟಿಯಷ್ಟು ಉಪಯೋಗದ್ದು ವಿನ್ಯಾಸ ಮಾಡುವವನಿಗೆ ಬೇರೆ ಇಲ್ಲ ಎಂಬುದು ನನ್ನ ಅನಿಸಿಕೆ.

ಆದರೆ ಅದಕ್ಕೊಂದು ಶರತ್ತಿದೆ. ಸರ್ಕ್ಯೂಟ್ ಒಂದೇ ಸ್ಥಿತಿಯಲ್ಲಿ ಕೂತಿರಬೇಕು. ಆಂಪ್ಲಿಫೈಯರು ಹಾಗೆ ಕೂರುತ್ತದೆ. ಸಂಕೇತವೂ ಗದ್ದಲವೂ ಸಣ್ಣದು, ಅವು ಆ ಸ್ಥಿತಿಯನ್ನು ಅಲ್ಲಾಡಿಸುವುದಿಲ್ಲ. ಫೋನಿನೊಳಗಿನ ಎಷ್ಟೋ ಭಾಗಗಳು ಹಾಗೆ ಕೂರುವುದಿಲ್ಲ. ಒಂದು ಸ್ವಿಚ್ಚು ಸೆಕೆಂಡಿಗೆ ಕೋಟಿ ಸಲ ತೆರೆದು ಮುಚ್ಚುತ್ತಿದೆ, ಇನ್ನೊಂದು ಆಸಿಲೇಟರು ಉಯ್ಯಾಲೆಯಂತೆ ತೂಗುತ್ತಲೇ ಇದೆ. ಉಯ್ಯಾಲೆಯನ್ನು ನಿಲ್ಲಿಸಿ ಅಳೆದರೆ ತೂಗುವಾಗಿನ ಗದ್ದಲ ಹೇಗೆ ತಿಳಿದೀತು? ಹೆದರಬೇಕಾದದ್ದು ಏನೆಂದರೆ, ಕಂಪ್ಯೂಟರು ಇಂಥ ಕಡೆ ‘ನನಗೆ ಬರುವುದಿಲ್ಲ’ ಎನ್ನುವುದಿಲ್ಲ. ಅಚ್ಚುಕಟ್ಟಾದ ಒಂದು ಗ್ರಾಫ್ ಬಿಡಿಸಿ ಕೊಡುತ್ತದೆ. ಅದು ತಪ್ಪು ಎಂದು ಗೊತ್ತಾಗುವುದು ಚಿಪ್ ಅಚ್ಚಾಗಿ ಬಂದ ಮೇಲೆ, ತಿಂಗಳುಗಟ್ಟಲೆ ಸಮಯ ಮತ್ತು ದೊಡ್ಡ ಮೊತ್ತದ ಹಣ ಹೋದ ಮೇಲೆ.

ಎರಡನೇ ದಾರಿ ಹಳ್ಳಿಯವನ ಬುದ್ಧಿಯಂಥದ್ದು, ನೇರ. ಸರ್ಕ್ಯೂಟನ್ನು ಕಂಪ್ಯೂಟರಿನಲ್ಲಿ ಕ್ಷಣ ಕ್ಷಣವೂ ಓಡಿಸುವುದು, ಪ್ರತಿ ಕ್ಷಣಕ್ಕೂ ಪ್ರತಿ ಭಾಗಕ್ಕೆ ದಾಳ ಉರುಳಿಸಿದಂತೆ ಒಂದು ಸಣ್ಣ ಯಾದೃಚ್ಛಿಕ ತಳ್ಳು ಕೊಡುವುದು, ಕೊನೆಗೆ ಔಟ್‌ಪುಟ್ ಎಷ್ಟು ನಡುಗಿತು ಎಂದು ಅಳೆಯುವುದು. ಇದಕ್ಕೆ ‘ಟ್ರಾನ್ಸಿಯೆಂಟ್ ನಾಯ್ಸ್’ ಎನ್ನುತ್ತಾರೆ. ಸ್ವಿಚ್ಚು ಇರಲಿ, ಆಸಿಲೇಟರು ಇರಲಿ, ಯಾವ ಶರತ್ತೂ ಇಲ್ಲ. ನಿಜವಾದ ಸರ್ಕ್ಯೂಟ್ ಮಾಡುವುದನ್ನೇ ಇದೂ ಮಾಡುತ್ತದೆ.

ಬೆಲೆ ಮಾತ್ರ ಜಾಸ್ತಿ. 200 ಸ್ವತಂತ್ರ ಮಾದರಿ ತೆಗೆದರೆ ಗದ್ದಲದ ಅಂದಾಜು ಸುಮಾರು ಶೇ 5ರಷ್ಟು ಆಚೀಚೆ ಇರುತ್ತದೆ. ಆ ತಪ್ಪನ್ನು ಅರ್ಧ ಮಾಡಲು ನಾಲ್ಕು ಪಟ್ಟು, ಅಂದರೆ 800 ಮಾದರಿ ಬೇಕು. ಚುನಾವಣಾ ಸಮೀಕ್ಷೆಯ ಲೆಕ್ಕವೇ ಇದು, ನಮ್ಮ ವೃತ್ತಿಯವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಇಸಿಜಿಯನ್ನೇ ತೆಗೆದುಕೊಳ್ಳಿ. ಎದೆಯ ಮೇಲಿನ ಸಂಕೇತ ಸುಮಾರು 1 ಮಿಲಿವೋಲ್ಟ್. ಅದರಲ್ಲಿ 0.05 ಹರ್ಟ್ಸ್‌ನಷ್ಟು ನಿಧಾನದ ಏರಿಳಿತವನ್ನೂ ವೈದ್ಯರು ನೋಡುತ್ತಾರೆ. 0.05 ಹರ್ಟ್ಸ್‌ನ ಒಂದು ಸುತ್ತಿಗೆ 20 ಸೆಕೆಂಡು. ಆ ಯಂತ್ರದೊಳಗೆ ಒಂದು ನ್ಯಾನೋಸೆಕೆಂಡಿನ ಹೆಜ್ಜೆ ಬೇಡುವ ವೇಗದ ಸ್ವಿಚ್ಚು ಇದ್ದರೆ, 20 ಸೆಕೆಂಡು ಓಡಿಸಲು 2,000 ಕೋಟಿ ಹೆಜ್ಜೆ. ಅಷ್ಟು ಮಾಡಿದರೂ ಸಿಗುವುದು ಒಂದೇ ಮಾದರಿ. ಇನ್ನೊಂದು ಕೊರತೆ: ಕೊನೆಗೆ ಒಟ್ಟು ನಡುಕ ಕಾಣುತ್ತದೆ ಹೊರತು ಯಾವ ಭಾಗದ ತಪ್ಪು ಎಂದು ತಾನಾಗಿ ಹೇಳುವುದಿಲ್ಲ.

ಮೂರನೇ ದಾರಿ ಹುಟ್ಟಿದ್ದು ಮೊಬೈಲಿನ ಒತ್ತಡದಿಂದ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಅದೇ ಹೊತ್ತಿಗೆ ಅಮೆರಿಕದಲ್ಲಿ ರೇಡಿಯೊ ಚಿಪ್ಪುಗಳ ಗದ್ದಲವನ್ನು ಸರಿಯಾಗಿ ಎಣಿಸುವ ತುರ್ತು ಎದ್ದಿತ್ತು. ಕೆನ್ ಕುಂಡರ್ಟ್, ಜೇಕಬ್ ವೈಟ್, ರಿಕಾರ್ಡೊ ಟೆಲಿಚೆವೆಸ್ಕಿ ಮುಂತಾದವರು ಕಂಡುಕೊಂಡದ್ದು ಇಷ್ಟು: ಈ ಸರ್ಕ್ಯೂಟುಗಳು ಒಂದೆಡೆ ಕೂರುವುದಿಲ್ಲ ನಿಜ, ಆದರೆ ಗಾಣದೆತ್ತಿನ ಹಾಗೆ ಒಂದೇ ಸುತ್ತು ಹೊಡೆಯುತ್ತವೆ. ಹಾಗಾದರೆ ಆ ಒಂದು ಸುತ್ತನ್ನು ಮೊದಲು ನಿಖರವಾಗಿ ಹಿಡಿಯೋಣ, ಆಮೇಲೆ ಆ ಸುತ್ತಿನ ಪ್ರತಿ ಬಿಂದುವಿನ ಸುತ್ತ ಮೊದಲ ದಾರಿಯ ಲೆಕ್ಕವನ್ನೇ ಹಾಕೋಣ. ಇದು ‘ಪೀರಿಯಾಡಿಕ್ ನಾಯ್ಸ್’. ಕೇಡೆನ್ಸ್ ಕಂಪನಿಯ ಸ್ಪೆಕ್ಟರ್ ಆರ್‌ಎಫ್ ಎಂಬ ಸಾಫ್ಟ್‌ವೇರಿನ ಮೂಲಕ 1990ರ ದಶಕದ ಕೊನೆಯಲ್ಲಿ ಇದು ವಿನ್ಯಾಸಕಾರರ ನಿತ್ಯದ ಬಳಕೆಗೆ ಬಂತು.

ಇದು ಹಿಡಿಯುವ ಮುಖ್ಯ ಸಂಗತಿಗೆ ‘ಮಡಚಿಕೆ’ ಎಂದು ಹೆಸರಿಡಬಹುದು. ಸಿನಿಮಾದಲ್ಲಿ ಟಾಂಗಾದ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೋಡಿದ್ದೀರಲ್ಲ? ಕ್ಯಾಮೆರಾ ತುಂಡು ತುಂಡಾಗಿ ನೋಡುವುದರಿಂದ ವೇಗದ ಚಲನೆ ನಿಧಾನದ ವೇಷ ಹಾಕಿ ಬರುತ್ತದೆ. ಸ್ವಿಚ್ಚು ಸಂಕೇತವನ್ನು ತುಂಡು ತುಂಡಾಗಿ ಹಿಡಿದಾಗಲೂ ಹೀಗೇ, ಎಲ್ಲೋ ಮೇಲಿನ ಆವರ್ತನದಲ್ಲಿದ್ದ ಗದ್ದಲ ಕೆಳಗಿಳಿದು ನಮ್ಮ ಸಂಕೇತದ ಮೇಲೆಯೇ ಕೂರುತ್ತದೆ. ಮೊದಲ ದಾರಿಗೆ ಇದು ಕಾಣುವುದೇ ಇಲ್ಲ.

ಆಸಿಲೇಟರಿನ ಗೋಳು ಬೇರೆ. ಡೊಳ್ಳು ಬಾರಿಸುವವನ ಒಂದು ಏಟು ಜೋರಾಗಿ ಬಿದ್ದರೆ ಮುಂದಿನ ಏಟಿಗೆ ಸರಿಹೋಗುತ್ತದೆ. ತಾಳ ಒಮ್ಮೆ ತುಸು ಮುಂದೆ ಹೋದರೆ ಮಾತ್ರ ಅದು ತಾನಾಗಿ ಹಿಂದಕ್ಕೆ ಬರುವುದಿಲ್ಲ, ಮುಂದಿನ ತಪ್ಪು ಅದರ ಮೇಲೆ ಸೇರುತ್ತ ಹೋಗುತ್ತದೆ. ಹಳೆಯ ಲೆಕ್ಕ ಹಾಕಿದರೆ ಆಸಿಲೇಟರಿನ ಸ್ವಂತ ಆವರ್ತನದ ಹತ್ತಿರ ಗದ್ದಲ ಅನಂತ ಎಂದು ಬರುತ್ತಿತ್ತು. ಅನಂತ ಗದ್ದಲದ ಯಂತ್ರ ಲೋಕದಲ್ಲಿ ಎಲ್ಲಿದೆ? 1998ರಲ್ಲಿ ಅಲಿ ಹಾಜಿಮಿರಿ ಮತ್ತು ಥಾಮಸ್ ಲೀ ಒಂದು ಹೊಸ ಬಗೆಯ ಲೆಕ್ಕ ಕೊಟ್ಟರು. 2000ದಲ್ಲಿ ಅಲ್ಪರ್ ಡೆಮಿರ್, ಅಮಿತ್ ಮೆಹ್ರೋತ್ರಾ, ಜೈಜೀತ್ ರಾಯ್‌ಚೌಧುರಿ ಆ ಅನಂತದ ಗಂಟನ್ನು ಬಿಡಿಸಿದರು. ಒಟ್ಟು ಶಕ್ತಿ ಹೆಚ್ಚುವುದಿಲ್ಲ, ಚೂಪಾಗಿದ್ದದ್ದು ಅಗಲವಾಗಿ ಹರಡುತ್ತದೆ ಅಷ್ಟೇ ಎಂದು ತೋರಿಸಿದರು. ಈ ದಾರಿಗೂ ಮಿತಿ ಇದೆ. ಸುತ್ತು ಇಲ್ಲದ, ತಾಳ ತಪ್ಪಿಸಿಯೇ ನಡೆಯುವ ಸರ್ಕ್ಯೂಟುಗಳೂ ಇವೆ. ಅಲ್ಲಿ ಮತ್ತೆ ಎರಡನೇ ದಾರಿಗೇ ಬರಬೇಕು.

ಇಷ್ಟೆಲ್ಲ ಅಮೆರಿಕದ ಮಾತಾಯಿತು. ಕರ್ನಾಟಕಕ್ಕೆ ಈ ಕೆಲಸ ಬಂದದ್ದು 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದಾಗ. ಉಪಗ್ರಹದ ಮೂಲಕ ಅಮೆರಿಕಕ್ಕೆ ಡೇಟಾ ಕಳಿಸುವ ವ್ಯವಸ್ಥೆ ಅದಕ್ಕಿತ್ತು. ಶುರುವಿನಲ್ಲಿ ಅಲ್ಲಿ ಮಾಡುತ್ತಿದ್ದ ಕೆಲಸದಲ್ಲಿ ಚಿಪ್ ವಿನ್ಯಾಸಕ್ಕೆ ಬೇಕಾದ ಸಾಫ್ಟ್‌ವೇರೇ ಮುಖ್ಯ. 1995ರಲ್ಲಿ ಅನಲಾಗ್ ಡಿವೈಸಸ್ ಬಂತು. ಟೆಕ್ಸಾಸ್‌ನಿಂದ ಹೊರಬಂದ ಕೆಲವರು 2005ರಲ್ಲಿ ಬೆಂಗಳೂರಿನಲ್ಲೇ ಕಾಸ್ಮಿಕ್ ಸರ್ಕ್ಯೂಟ್ಸ್ ಎಂಬ ಅನಲಾಗ್ ವಿನ್ಯಾಸದ ಕಂಪನಿ ಕಟ್ಟಿದರು. 2013ರಲ್ಲಿ ಅದನ್ನು ಕೊಂಡದ್ದು ಯಾರು ಗೊತ್ತೇ? ಸ್ಪೆಕ್ಟರ್ ಮಾರುವ ಅದೇ ಕೇಡೆನ್ಸ್. ಗದ್ದಲ ಎಣಿಸುವ ತಕ್ಕಡಿ ಮಾರುವವನೇ ಬಂದು ತೂಗುವವರನ್ನು ಕೊಂಡ ಹಾಗಾಯಿತು.

ನಮ್ಮ ಕಡೆ ಎಂಜಿನಿಯರಿಂಗ್ ಕಾಲೇಜು ಬಂದದ್ದು ಇದಕ್ಕಿಂತ ಮೊದಲೇ. ಬೀದರ್‌ನಲ್ಲಿ ಗುರುನಾನಕ್ ದೇವ್ ಕಾಲೇಜು 1980ರಲ್ಲಿ, ಭಾಲ್ಕಿಯಲ್ಲಿ ರೂರಲ್ ಎಂಜಿನಿಯರಿಂಗ್ ಕಾಲೇಜು 1982ರಲ್ಲಿ. ಎರಡನೆಯದಕ್ಕೆ ಈಗ ಭೀಮಣ್ಣ ಖಂಡ್ರೆ ಅವರ ಹೆಸರು. ಬೆಂಗಳೂರಿಗೆ ಟೆಕ್ಸಾಸ್ ಬರುವ ಮೂರು ವರ್ಷ ಮೊದಲು ಭಾಲ್ಕಿಯಲ್ಲಿ ಕಾಲೇಜಿತ್ತು ಎಂದರೆ ಕೆಲವರು ನಂಬುವುದಿಲ್ಲ. ಅಡ್ಡಿಯಾಗಿದ್ದು ಕಾಲೇಜಿನ ಕೊರತೆಯಲ್ಲ. ಮೂರನೇ ದಾರಿಯ ಸಾಫ್ಟ್‌ವೇರು ದುಬಾರಿ ಲೈಸೆನ್ಸಿನದು, ಚಿಪ್ ಕಾರ್ಖಾನೆಗಳ ಟ್ರಾನ್ಸಿಸ್ಟರ್ ಮಾಹಿತಿ ಗುಟ್ಟಿನದು.

ಇದು ಈಗ ಸ್ವಲ್ಪ ಸಡಿಲವಾಗಿದೆ. ಎನ್‌ಜಿಸ್ಪೈಸ್ ಎಂಬ ಬರ್ಕ್ಲಿ ಸಂತತಿಯ ಸಾಫ್ಟ್‌ವೇರು ಪೂರ್ತಿ ಉಚಿತ. ಅದರಲ್ಲಿ ಮೊದಲ ದಾರಿಯೂ ಇದೆ, ಎರಡನೇ ದಾರಿಗೆ ಬೇಕಾದ ಗದ್ದಲದ ಮೂಲವೂ ಇದೆ. ಐಐಟಿ ಬಾಂಬೆಯವರು ಅದನ್ನೇ ಒಳಗಿಟ್ಟು ‘ಇಸಿಮ್’ ಎಂಬ ಸುಲಭ ಸಾಫ್ಟ್‌ವೇರು ಮಾಡಿ ಹಂಚಿದ್ದಾರೆ. 2020ರಲ್ಲಿ ಅಮೆರಿಕದ ಸ್ಕೈವಾಟರ್ ಕಾರ್ಖಾನೆ ಗೂಗಲ್ ಜೊತೆ ಸೇರಿ ತನ್ನ 130 ನ್ಯಾನೋಮೀಟರ್ ತಂತ್ರದ ಟ್ರಾನ್ಸಿಸ್ಟರ್ ಮಾಹಿತಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರ ಸರ್ಕಾರದ ಯೋಜನೆಯಡಿ ಕಾಲೇಜುಗಳಿಗೆ ದುಬಾರಿ ಸಾಫ್ಟ್‌ವೇರುಗಳನ್ನೂ ಒದಗಿಸುತ್ತಿದೆ. ನಿಮ್ಮ ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುವವರಿದ್ದರೆ ಈ ಹೆಸರುಗಳನ್ನು ಅವರಿಗೆ ಹೇಳಿ, ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಇದು ಮೇಲು.

ಮೂರು ದಾರಿಗಳ ವ್ಯತ್ಯಾಸ ಕಣ್ಣಿಗೆ ಕಾಣಲು ಎರಡೇ ಭಾಗ ಸಾಕು. ಒಂದು ರೆಸಿಸ್ಟರು, ಒಂದು ಕೆಪ್ಯಾಸಿಟರು. ರೆಸಿಸ್ಟರಿನ ಗದ್ದಲ ಕೆಪ್ಯಾಸಿಟರಿಗೆ ತುಂಬುತ್ತದೆ. ಕೆಪ್ಯಾಸಿಟರು 1 ಪಿಕೋಫ್ಯಾರಡ್ ಆದರೆ ಒಟ್ಟು ಗದ್ದಲ ಸುಮಾರು 64 ಮೈಕ್ರೋವೋಲ್ಟ್, 10 ಪಿಕೋಫ್ಯಾರಡ್ ಆದರೆ ಸುಮಾರು 20. ರೆಸಿಸ್ಟರು 100 ಓಮ್ ಇರಲಿ, 1 ಲಕ್ಷ ಓಮ್ ಇರಲಿ, ಉತ್ತರ ಬದಲಾಗುವುದಿಲ್ಲ. ಓಮ್ ಹೆಚ್ಚಾದರೆ ಗದ್ದಲ ಹೆಚ್ಚುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಆವರ್ತನ ಪಟ್ಟಿ ಕಿರಿದಾಗುತ್ತದೆ. ಮೊದಲ ದಾರಿಯಲ್ಲಿ ಸಾಕಷ್ಟು ಮೇಲಿನ ಆವರ್ತನದವರೆಗೆ ಕೂಡಿಸಿದರೆ 64 ಬರುತ್ತದೆ. 1,000 ಓಮ್ ಇಟ್ಟು ಎರಡನೇ ದಾರಿ ಹಿಡಿದರೆ ಹೆಜ್ಜೆ 0.1 ನ್ಯಾನೋಸೆಕೆಂಡಿಗಿಂತ ದೊಡ್ಡದಾಗಬಾರದು, ಓಟ ಕನಿಷ್ಠ 1 ಮೈಕ್ರೋಸೆಕೆಂಡಾದರೂ ಇರಬೇಕು. ಆಗ 64ರ ಆಸುಪಾಸು ಬರುತ್ತದೆ, ಪ್ರತಿ ಸಲ ಸ್ವಲ್ಪ ಬೇರೆ.

ಈಗ ನಡುವೆ ಒಂದು ಸ್ವಿಚ್ಚು ಹಾಕಿ. ಮೊದಲ ದಾರಿಗೆ ಸ್ವಿಚ್ಚು ಮುಚ್ಚಿದ ಸ್ಥಿತಿ ಕೊಟ್ಟರೆ 64 ಎನ್ನುತ್ತದೆ, ಆದರೆ ಅದು ಬಹಳ ಅಗಲದ ಪಟ್ಟಿಯಲ್ಲಿ ಹರಡಿದೆ, ನಿಮ್ಮ ಕಿರಿದಾದ ಸಂಕೇತದ ಪಾಲಿಗೆ ಬರುವುದು ಚೂರು ಮಾತ್ರ ಎಂದು ಗ್ರಾಫ್ ತೋರಿಸುತ್ತದೆ. ಸ್ವಿಚ್ಚು ತೆರೆದ ಸ್ಥಿತಿ ಕೊಟ್ಟರೆ ರೆಸಿಸ್ಟರಿನ ದಾರಿಯೇ ಕಡಿದುಹೋಗುತ್ತದೆ, ಅದರ ಗದ್ದಲ ಇಲ್ಲವೇ ಇಲ್ಲ ಎನ್ನುತ್ತದೆ. ನಿಜದಲ್ಲಿ ಸ್ವಿಚ್ಚು ತೆರೆದ ಆ ಕ್ಷಣದ 64 ಕೆಪ್ಯಾಸಿಟರಿನಲ್ಲಿ ಹಾಗೇ ಹೆಪ್ಪುಗಟ್ಟಿ ಉಳಿಯುತ್ತದೆ, ಪೂರ್ತಿಯಾಗಿ ಮಡಚಿಕೊಂಡು ಕೆಳಗಿನ ಪಟ್ಟಿಗೇ ಬರುತ್ತದೆ. ಎರಡನೇ ದಾರಿ ಇದನ್ನು ತಾಳ್ಮೆಯಿಂದ ತೋರಿಸುತ್ತದೆ, ಮೂರನೆಯದು ಒಂದೇ ಲೆಕ್ಕದಲ್ಲಿ. ಫೋನಿನ ಮೈಕಿನ ಮಾತನ್ನು ಅಂಕಿಯಾಗಿಸುವ ಚಿಪ್ಪಿನ ಬಾಗಿಲಲ್ಲಿ ಕೂತಿರುವುದು ಇಂಥದೇ ಸ್ವಿಚ್ಚು, ಇಂಥದೇ ಕೆಪ್ಯಾಸಿಟರು.

ಪ್ರಯೋಗ ಮಾಡುವವರು ಇನ್ನೊಂದು ಸಂಖ್ಯೆಯನ್ನೂ ಬದಲಿಸಿಕೊಳ್ಳಬೇಕು. ಸ್ಪೈಸ್ ಸಂತತಿಯ ಸಾಫ್ಟ್‌ವೇರು ನೀವು ಹೇಳದಿದ್ದರೆ ತಾಪಮಾನ 27 ಡಿಗ್ರಿ ಎಂದೇ ಹಿಡಿಯುತ್ತದೆ. ಮೇ ತಿಂಗಳಲ್ಲಿ ಫ್ಯಾನಿಲ್ಲದ ಕೋಣೆಯಲ್ಲಿ 42 ಇದ್ದರೆ ಆ 64 ಮೈಕ್ರೋವೋಲ್ಟು ಸುಮಾರು 66 ಆಗುತ್ತದೆ.